ಒಂದನೇ ನಂಬರಿನ ಹೊತ್ತಿನ ಚಹಾ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಅವರ ಬಲ ಅಂಗೈಯಲ್ಲಿ ಅರ್ಧಚಂದ್ರದಂಥ ಸುಟ್ಟ ಕಲೆ ಇತ್ತು. ಚಹಾದ ಪಾತ್ರೆಯನ್ನು ಇಕ್ಕಳದಿಂದ ಹಿಡಿಯುವ ತಾಳ್ಮೆ ಅವರಿಗಿರಲಿಲ್ಲ. ಸೆರಗಿನ ತುದಿಯೇ ಸಾಕು. ರೇಡಿಯೋದಲ್ಲಿ ಒಂದನೇ ನಂಬರಿನ ಹಾಡು ಶುರುವಾಗುವಷ್ಟರಲ್ಲಿ ಎಲ್ಲರ ಕೈಗೂ ಕಪ್ಪು-ಬಶಿ ಮುಟ್ಟಬೇಕು ಎಂಬುದು ಅವರ ಹಟ. ಆ ಅವಸರದಲ್ಲೇ ಒಮ್ಮೆ ಸೆರಗು ಜಾರಿತ್ತು.

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಆಗ ರೇಡಿಯೋ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಬಟ್ಟೆ ವ್ಯಾಪಾರಿಯಾಗಿದ್ದ ಗಂಡ ಅದನ್ನು ತಂದ ವರ್ಷವೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಉಳಿದ ದಿನಗಳಲ್ಲಿ ಆ ಮನೆಯಿಂದ ಮಾತಿನ ಸದ್ದೇ ಬರುತ್ತಿರಲಿಲ್ಲ. ಬುಧವಾರ ಸಂಜೆ ಮಾತ್ರ, ಆ ವಾರದ ಸಿನಿಮಾ ಹಾಡುಗಳನ್ನು ಕೆಳಗಿನ ನಂಬರಿನಿಂದ ಮೇಲಕ್ಕೆ ಕೇಳಿಸುವ ಕಾರ್ಯಕ್ರಮಕ್ಕೆ, ಇಡೀ ಓಣಿ ಅವರ ಪಡಸಾಲೆಯಲ್ಲಿ ಸೇರುತ್ತಿತ್ತು. ನಾನು ಕಾಲೇಜು ಹುಡುಗ. ಯಾವ ಹಾಡು ಏರಿತು, ಯಾವುದು ಇಳಿಯಿತು, ಯಾರು ಯಾರು ಬಂದಿದ್ದರು, ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ.

ಒಂದು ಮಳೆಗಾಲ ಒಂದೇ ಹಾಡು ವಾರಗಟ್ಟಲೆ ಒಂದನೇ ನಂಬರು ಬಿಟ್ಟು ಕದಲಲಿಲ್ಲ. ಸಿನಿಮಾ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಹಾಡು ಎಲ್ಲರಿಗೂ ಬಾಯಿಪಾಠ. ಓಣಿಯ ದರ್ಜಿ ಕಿಟಕಿಯ ಹಲಗೆಯ ಮೇಲೆ ತಾಳ ಹಾಕುತ್ತಿದ್ದ. ಹೆಂಗಸರು ಬಳೆ ಕುಲುಕುತ್ತಾ ದನಿಗೂಡಿಸುತ್ತಿದ್ದರು.

“ಕಾಕು, ಹಾಡಿಗಿಂತ ನಿಮ್ಮ ಚಾ ಒಂದನೇ ನಂಬರ್ ನೋಡ್ರಿ,” ಎಂದ ದರ್ಜಿ.

“ಹೋದ ವಾರ ಸಕ್ರಿ ಕಮ್ಮಿ ಆಗ್ಯದ ಅಂದಾಂವ ನೀನ ಅಲ್ಲೇನು? ಸುಮ್ಮ ಕುಡಿ.”

ಅವರು ಕೂತು ಹಾಡು ಕೇಳಿದ್ದನ್ನು ಮಾತ್ರ ನಾನು ನೋಡಿರಲಿಲ್ಲ. “ನೀವೂ ಕುಂದರ್ರಿ ಕಾಕು” ಎಂದರೆ, “ನನಗ ಒಲಿ ಮುಂದೇ ಕೇಳಸ್ತದಪ್ಪ” ಎನ್ನುತ್ತಿದ್ದರು.

ಚಳಿಗಾಲದ ಹೊತ್ತಿಗೆ ಓಣಿಗೆ ಟ್ರಾನ್ಸಿಸ್ಟರುಗಳು ಬಂದವು. ಮೊದಲು ದರ್ಜಿಯ ಅಂಗಡಿಗೆ, ಆಮೇಲೆ ಎದುರು ಮನೆಗೆ. ಹಾಡು ಇನ್ನೂ ಮೇಲೆಯೇ ಇತ್ತು, ಪಡಸಾಲೆ ಖಾಲಿಯಾಗುತ್ತಾ ಬಂತು. ಕಾಕು ಚಹಾದ ಪಾತ್ರೆಯನ್ನು ಸಣ್ಣದು ಮಾಡಲಿಲ್ಲ.

ಒಂದು ಬುಧವಾರ ನಾನೊಬ್ಬನೇ ಇದ್ದೆ.

“ಯಾರೂ ಬರಾಕತ್ತಿಲ್ಲೇನು?” ಎಂದು ಕಾಕು ಬಾಗಿಲ ತನಕ ಹೋಗಿ ಬಂದರು.

“ಬರ್ತಾರ ಕಾಕು. ಇನ್ನಾ ಟೈಮ್ ಅದ.”

ಒಂದನೇ ನಂಬರು ಬಂತು. ಹಂಚುವುದಕ್ಕೆ ಬೇರೆ ಯಾರೂ ಇಲ್ಲದ್ದರಿಂದ ಕಾಕು ಮೊದಲ ಸಲ ರೇಡಿಯೋದ ಎದುರು ಕೂತರು. ಅರ್ಧ ಹಾಡು ಕೇಳಿ ನನ್ನ ಕಡೆ ತಿರುಗಿದರು.

“ಇದು ಆ ಹಾಡಲ್ಲ.”

“ಅದೇ ಕಾಕು.”

“ಅಲ್ಲೋ ತಮ್ಮ. ಅದರಾಗ ಹಲಗಿ ಬಡದಂಗ ತಾಳ ಇತ್ತು, ಬಳಿ ಸಪ್ಪಳ ಇತ್ತು. ಇಲ್ಲಿ ಇಂವ ಒಬ್ಬಾಂವನೇ ಹಾಡಾಕತ್ತಾನ.”

ನಾನು ಇನ್ನೊಂದು ಕಪ್ಪು ಚಹಾ ಕೇಳಿದೆ. ಅವರು ಸೆರಗಿನಿಂದ ಪಾತ್ರೆ ಹಿಡಿದು ತಂದರು. ಆ ದಿನದ ಪುಟದಲ್ಲಿ ಹಾಡಿನ ಮುಂದೆ ಒಂದು ಎಂದು ಬರೆದೆ. ಬಂದವರ ಲೆಕ್ಕದ ಮುಂದೆಯೂ ಅದೇ ಅಂಕಿ.

ಮುಂದೆ ನನಗೆ ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಿಡುವಾದ ಬುಧವಾರ ಬಸ್ಸು ಹಿಡಿದು ಕಾಕು ಮನೆಗೆ ಹೋಗುತ್ತಿದ್ದೆ. ಒಂದು ಸಲ ಹೋದಾಗ ಬಾಗಿಲಿಗೆ ಬೀಗ ಇತ್ತು. ಕಾಕು ತೀರಿಕೊಂಡು ಎರಡು ದಿನವಾಗಿತ್ತು.

ಎಷ್ಟೋ ಕಾಲದ ಮೇಲೆ, ಹುಮನಾಬಾದಿನ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕೂತಿದ್ದಾಗ ರೇಡಿಯೋದಲ್ಲಿ ಆ ಹಾಡು ಬಂತು. ಲಾರಿಯವರು ಮೇಜು ಬಡಿದು ದನಿಗೂಡಿಸಿದರು, ಕಪ್ಪು-ಬಶಿಗಳು ಗಲಗಲ ಎಂದವು. ಇದೇ ಆ ಹಾಡು. ನಾನು ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದೆ.