ಗಲ್ಲಿಯ ಎರಡು ಕಂಪೌಂಡರ್ ಮನೆಗಳು

ಇದನ್ನು ಹೇಳಿಬಿಡಬೇಕು ಅಂದುಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಮೊದಲು ಮಗಳ ಮದುವೆ ಮುಗಿಯಲಿ ಅಂದೆ. ಮದುವೆಯಾದ ಮೇಲೆ, ಅವಳಿಗೊಂದು ಮಗುವಾಗಿ ಆ ಮನೆಯಲ್ಲಿ ನೆಲೆ ನಿಲ್ಲಲಿ ಅಂದೆ. ಮೊಮ್ಮಕ್ಕಳು ಶಾಲೆಗೆ ಹೋಗತೊಡಗಿದಾಗ ಅಡ್ಡಿಯೇನೂ ಉಳಿದಿರಲಿಲ್ಲ. ಆಗ, ಇನ್ನು ಹೇಳಿ ಪ್ರಯೋಜನವೇನು ಅಂದುಕೊಂಡೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗಾಂಧಿ ಚೌಕದ ಒಂದು ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆದು ಹರಿದು ಕೊಡುವುದರಲ್ಲೇ ಆಯುಷ್ಯ ಕಳೆದೆ. ಬರೆದು ರೂಢಿಯಿಲ್ಲ. ಆದರೂ ಬಾಯಿಂದ ಹೇಳುವುದಕ್ಕಿಂತ ಬರೆಯುವುದೇ ಸುಲಭವೆಂದು ಈಗ ಬರೆಯುತ್ತಿದ್ದೇನೆ.

ನಮ್ಮ ಅಡ್ಡಹೆಸರು ಕಂಪೌಂಡರ್.

ನಮ್ಮ ವಿಜಯಪುರದ ಕಡೆ ಹೊಸಬರು ಸಿಕ್ಕರೆ ಮೊದಲು ಹೆಸರು ಕೇಳುತ್ತಾರೆ, ಮರುಕ್ಷಣವೇ "ಅಡ್ಡಹೆಸರು ಏನ್ರಿ?" ಅನ್ನುತ್ತಾರೆ. ಹಾಗೆ ಕೇಳುವುದು ಹೆಸರು ತಿಳಿಯಲಿಕ್ಕಲ್ಲ. ಜಾತಿ ಯಾವುದೆಂದು ಮುಖದ ಮೇಲೆ ಕೇಳಲು ಸಂಕೋಚಪಡುವವರು ಅಡ್ಡಹೆಸರು ಕೇಳುತ್ತಾರೆ. ಉತ್ತರ ಬಂತೆಂದರೆ ನೀವು ಯಾವ ಓಣಿಯವರು, ನಿಮ್ಮನ್ನು ಎಲ್ಲಿಯವರೆಗೆ ಒಳಗೆ ಕರೆಯಬಹುದು ಎಂಬ ಲೆಕ್ಕ ಅವರ ತಲೆಯಲ್ಲಿ ಮುಗಿದುಹೋಗುತ್ತದೆ. ಆದರೆ ನಮ್ಮ ಅಡ್ಡಹೆಸರು ಕೇಳಿದವರು ಅಲ್ಲಿಯೇ ನಿಂತುಬಿಡುತ್ತಾರೆ. ಅದು ಇಂಗ್ಲಿಷ್ ಮಾತು, ದವಾಖಾನೆಯಲ್ಲಿ ಔಷಧ ಕಲಸಿ ಬಾಟಲಿಗೆ ತುಂಬುವವನ ಹುದ್ದೆ. ಆ ಹುದ್ದೆಗೆ ಯಾವ ಜಾತಿಯವರೂ ಬಂದಿರಬಹುದು. ಅದಕ್ಕೇ ಅವರು ಇನ್ನೊಮ್ಮೆ ಕೇಳಬೇಕಾಗುತ್ತದೆ: "ಕಂಪೌಂಡರ ಅಂದ್ರ ಯಾವ ಕಂಪೌಂಡರ್ರೀ?"

ನಿಜಕ್ಕೂ ನಮ್ಮಲ್ಲಿ ಬಹಳ ತರದವರಿದ್ದಾರೆ. ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ ಸೈಕಲ್ ರಿಪೇರಿ ಮಾಡುವ ಮುಸಲ್ಮಾನರ ಮನೆಯೊಂದಿದೆ. ಅವರ ಹಿರಿಯರು ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಬಬಲೇಶ್ವರದ ಕಂಪೌಂಡರ್ ಮನೆತನದವರಂತೂ ಯಾವ ದವಾಖಾನೆಯ ಕೆಲಸವನ್ನೂ ಮಾಡಿದವರಲ್ಲ. ಅವರ ಮುತ್ತಜ್ಜ ಗರಡಿಮನೆಯ ಪೈಲವಾನರಿಗೆ ಕಷಾಯ ಕಾಯಿಸಿ ಕೊಡುತ್ತಿದ್ದನಂತೆ, ಯಾರೋ ನಗೆಯಾಡಿ ಕರೆದದ್ದು ಈಗ ರೇಷನ್ ಕಾರ್ಡಿನಲ್ಲಿದೆ. ಒಬ್ಬ ತರುಣ ಡಾಕ್ಟರನ ಬೋರ್ಡಿನಲ್ಲೂ ಇದೇ ಅಡ್ಡಹೆಸರು ನೋಡಿದ್ದೇನೆ. ಹೊರಗೆ ಕೂತ ಮುದುಕಿಯೊಬ್ಬಳು, "ಕಂಪೌಂಡರಪ್ಪಾ, ನೀ ಇದ್ರ ಇರು, ಡಾಕ್ಟರ ಯಾವಾಗ ಬರ್ತಾನ ಅದನ ಹೇಳು" ಎಂದು ಅವನನ್ನೇ ಕೇಳುತ್ತಿದ್ದಳು.

ನಮ್ಮ ಅಜ್ಜ ತಿಕೋಟಾದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಅದೇ ದವಾಖಾನೆಯಲ್ಲಿ ಕಳ್ಳಕವಟಗಿಯ ದಲಿತರ ಕೇರಿಯವನೊಬ್ಬ ಬಾಟಲಿ ತೊಳೆಯುವ ಕೆಲಸಕ್ಕಿದ್ದ. ತುಂಬಿದ ಬಾಟಲಿಯನ್ನು ನಮ್ಮಜ್ಜ ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತಿದ್ದ. ಅವನು ಎತ್ತಿಕೊಂಡು ಘೋಣಸಗಿ, ಕಳ್ಳಕವಟಗಿ ಎಂದು ನಡೆದುಕೊಂಡೇ ಹೋಗಿ ಮುಟ್ಟಿಸುತ್ತಿದ್ದ. ಆ ಊರುಗಳ ಮಂದಿಗೆ ಔಷಧ ತರುವವನೇ ಕಂಪೌಂಡರ್. ಹೀಗೆ ಒಂದೇ ಕಟ್ಟಡದಿಂದ ಎರಡು ಮನೆತನಗಳಿಗೆ ಒಂದೇ ಅಡ್ಡಹೆಸರು ಬಂತು.

ಆ ಬಾಟಲಿ ತೊಳೆಯುವವನ ಮೊಮ್ಮಗ ತಿಕೋಟಾ ಹೈಸ್ಕೂಲಿನಲ್ಲಿ ನನ್ನ ತರಗತಿಗೇ ಬಂದ. ಹಾಸ್ಟೆಲಿನಲ್ಲಿದ್ದ. ಹಾಜರಿ ಪುಸ್ತಕದಲ್ಲಿ ಅಡ್ಡಹೆಸರಿನ ಪ್ರಕಾರ ನಮ್ಮಿಬ್ಬರ ಸಾಲು ಹಿಂದುಮುಂದೆ ಬರುತ್ತಿದ್ದುದರಿಂದ ಒಂದೇ ಬೆಂಚಿನಲ್ಲಿ ಕೂರಿಸಿದರು. "ಇಬ್ಬರೂ ಕಂಪೌಂಡರ ಅದೀರಿ. ಮತ್ತ ಈ ಸಾಲ್ಯಾಗ ಡಾಕ್ಟರ್ ಯಾರಲೇ?" ಎಂದು ಗಣಿತದ ಮಾಸ್ತರರು ದಿನಾ ನಗಿಸುತ್ತಿದ್ದರು. ಸಂತೆಯ ದಿನ ಅವನ ಅವ್ವ ರೊಟ್ಟಿ ಗಂಟು ತರುತ್ತಿದ್ದಳು. ಶಾಲೆಯ ಕಂಪೌಂಡಿನ ಆಚೆಯೇ ನಿಂತು ಮಗನನ್ನು ಕೂಗುತ್ತಿದ್ದಳು. ನನ್ನನ್ನು ಕಂಡರೆ, "ಛಲೋ ಓದಾಕತ್ತೀಯೇನೋ ಯಪ್ಪಾ?" ಅನ್ನುತ್ತಿದ್ದಳು. ರೊಟ್ಟಿ ಕೊಡಲು ಬರುತ್ತಿರಲಿಲ್ಲ. ನಾನು ಇಸಿದುಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವನು ಮುಂದೆ ಓದಿದ, ನೀರಾವರಿ ಕಚೇರಿಯಲ್ಲಿ ಗುಮಾಸ್ತನಾದ. ನಾನು ಫೇಲಾಗಿ ಇನ್ನೊಮ್ಮೆ ಕೂತು ಪಾಸಾಗಿ ಅರಿವೆ ಅಂಗಡಿ ಸೇರಿದೆ. ಎಷ್ಟೋ ವರ್ಷಗಳ ಮೇಲೆ ಅವನಿಗೆ ವಿಜಯಪುರಕ್ಕೆ ವರ್ಗವಾಯಿತು. ಒಂದು ದಿನ ಅಂಗಡಿಗೆ ಬಂದು, "ಲೇ ದೋಸ್ತ, ಮನಿ ಸಿಗವಲ್ದು. ಎಲ್ಲಾರೂ ಅಡ್ಡಹೆಸರು ಕೇಳ್ತಾರ. ಹೇಳಿದ್ರ ತಿಳೀವಲ್ದು. ಆಮ್ಯಾಲ ಊರು ಕೇಳ್ತಾರ, ಓಣಿ ಕೇಳ್ತಾರ, ಆಮ್ಯಾಲ ಮನಿ ಖಾಲಿ ಇಲ್ಲ ಅಂತಾರ" ಎಂದು ನಕ್ಕ. ನಾನು ನಮ್ಮ ಗಲ್ಲಿಯಲ್ಲೇ ಎದುರಿಗಿದ್ದ ಮನೆಯ ಮಾಳಿಗೆ ಖಾಲಿ ಇದೆ ಎಂದೆ. ಮನೆಯೊಡತಿ ಒಬ್ಬ ವಿಧವೆ, ನಾವೆಲ್ಲ ಕಾಕೂ ಅನ್ನುತ್ತಿದ್ದೆವು. ಅವಳು ಇವನ ಅಡ್ಡಹೆಸರು ಕೇಳಿದವಳೇ, "ಅಯ್ಯ, ನಮ್ಮ ಎದುರಿನ ಕಂಪೌಂಡರ್ರ ಮಂದಿ! ಮೊದಲ ಹೇಳಬಾರದೇನ್ರಿ?" ಎಂದು ಕೀಲಿ ಕೊಟ್ಟುಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವತ್ತು ಆ ಮೌನವನ್ನು ದೊಡ್ಡ ಉಪಕಾರವೆಂದು ನಾನೇ ಎಣಿಸಿಕೊಂಡಿದ್ದೆ.

ಅವನು, ಅವನ ಹೆಂಡತಿ, ಅವ್ವ ಬಂದು ನೆಲೆಸಿದರು. ಮಧ್ಯಾಹ್ನ ಅಂಗಡಿಯಿಂದ ಬರುವಾಗ ನಾನು ಮಾಳಿಗೆ ಹತ್ತುತ್ತಿದ್ದೆ. ಶಾಲೆಯಲ್ಲಿದ್ದ ಮಡಿ ಅಷ್ಟರಲ್ಲಿ ಬಿಟ್ಟುಹೋಗಿತ್ತು. ಅವ್ವ ಪುಂಡಿಪಲ್ಲೆ ಮಾಡಿದ ದಿನ ಕೂಗಿ ಕರೆಯುತ್ತಿದ್ದಳು. ನಾನು ಒಲೆಯ ಮುಂದೆಯೇ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. "ಸಣ್ಣಾಂವ ಇದ್ದಾಗ ನಮ್ಮ ಗಂಟಿನ ಕಡೆ ನೋಡತಿದ್ದಿ, ಕಣ್ಣಾಗ ಹಸಿವಿ ಇತ್ತು. ಈಗ ಉಣ್ಣು" ಅನ್ನುತ್ತಿದ್ದಳು. ನನ್ನ ಹೆಂಡತಿಗೆ ಮಾತ್ರ ಅಲ್ಲಿ ಉಣ್ಣುವುದನ್ನು ಹೇಳಿರಲಿಲ್ಲ. ಮನೆಗೆ ಬಂದು ಮತ್ತೆ ಅರ್ಧ ಊಟ ಮಾಡುತ್ತಿದ್ದೆ.

ಆ ವರ್ಷ ನನ್ನ ಮಗಳಿಗೆ ಬಬಲೇಶ್ವರದಿಂದ ಗಂಡು ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಮಗಳಿಗೂ ಮನಸ್ಸಿತ್ತು. ಅದಕ್ಕೂ ಮೊದಲು ಎರಡು ಕಡೆ ಮಾತಾಗಿ ಮುರಿದುಬಿದ್ದಿತ್ತು, ಮನೆಯಲ್ಲಿ ಎಲ್ಲರಿಗೂ ಹೆದರಿಕೆ ಹತ್ತಿತ್ತು. ನಿಶ್ಚಯದ ಮಾತಿಗೆಂದು ಹುಡುಗನ ಸೋದರಮಾವ ನಾಲ್ಕು ಜನರೊಂದಿಗೆ ಬಂದ. ಚುರುಮರಿ, ಚಹಾ ಆಯಿತು. ಅವನು ಎಲೆ ಅಡಿಕೆ ಹಾಕಿಕೊಂಡು, ಸುಮ್ಮನೆ ಅಡ್ಡಾಡಿ ಬರುವವನಂತೆ ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಕಾಕೂ ತನ್ನ ಕಟ್ಟೆಯಿಂದ ನನ್ನನ್ನು ಕೂಗಿದಳು.

ಹೋದೆ. ಸೋದರಮಾವ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದ ಕಲ್ಲಿನ ಪಾವಟಿಗೆಯ ಮೇಲೆ, ಮಾಳಿಗೆಗೆ ಹೋಗುವ ದಾರಿಯಲ್ಲಿ, ನನ್ನ ಗೆಳೆಯನ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೆಳೆಯ ಕಚೇರಿಗೆ ಹೋಗಿದ್ದ.

"ಸಿಟ್ಟಾಗಬ್ಯಾಡ್ರಿ. ನಮ್ಮೂರಾಗೂ ಒಂದು ಕಂಪೌಂಡರ ಮನಿ ಐತಿ, ಆ ಮಂದಿನ ಬ್ಯಾರೆ," ಎಂದ ಸೋದರಮಾವ. "ಅದಕ್ಕ ಕೇಳಿ ತಿಳಕೊಂಡ್ರ ಛಲೋ ಅಂತ ಬಂದೆ. ಈ ಗಲ್ಲ್ಯಾಗ ಎರಡು ಮನಿ ಅದಾವು ಅಂದ್ರು. ಮ್ಯಾಲ ನೋಡಿದ್ರ ಗ್ವಾಡಿಗೆ ಬುದ್ಧನ ಪಟ ಐತಿ."

"ನಾನಂತೂ ನಿಮ್ಮ ಬಳಗದಾರು ಅಂತ ಮನಿ ಕೊಟ್ಟೇನಿ," ಎಂದಳು ಕಾಕೂ. "ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಎದುರಿಗೆ ನಮ್ಮ ಮನೆಯೊಳಗೆ ಮಗಳು ಹೊಸ ಸೀರೆ ಉಟ್ಟು ಕೂತಿದ್ದಳು. ನನಗೆ ಬೇರೇನೂ ಕಾಣಲಿಲ್ಲ.

"ಏ, ಅವ್ರು ನಮ್ಮವರಲ್ರಿ," ಎಂದೆ. "ಅಡ್ಡಹೆಸರು ಒಂದ ಐತಿ, ಅಷ್ಟ. ಅವ್ರು ಕಳ್ಳಕವಟಗಿ ಕೇರಿಯವರು."

"ಮತ್ತ ನೀವು ಮಧ್ಯಾಹ್ನಕ್ಕೊಮ್ಮೆ ಮ್ಯಾಲ ಹತ್ತತಿದ್ರಿ?" ಕಾಕೂ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಹೆದರಿದವನ ತಪ್ಪು ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ನಾನು ನಿಲ್ಲಿಸಲಿಲ್ಲ. "ಆಫೀಸಿನ ಕಾಗದಪತ್ರದ ಕೆಲಸ ಇರ್ತಿತ್ತು. ಬಾಗಲದಾಗ ನಿಂತ ಮಾತಾಡಿ ಬರ್ತಿದ್ದೆ. ಆ ಮನ್ಯಾಗ ಒಂದು ಹನಿ ನೀರು ಮುಟ್ಟಿಲ್ರಿ. ಬೇಕಾದ್ರ ಆ ಮುದುಕೀನ ಕೇಳ್ರಿ," ಎಂದು ಅವಳ ಕಡೆ ಕೈ ಮಾಡಿದೆ.

ಎಲ್ಲರೂ ಅವಳ ಕಡೆ ತಿರುಗಿದರು. ಮೊರ ನಿಂತಿತು. ಹಿಂದಿನ ದಿನವಷ್ಟೇ ಅವಳ ಒಲೆಯ ಮುಂದೆ ಕೂತು ಮೂರು ರೊಟ್ಟಿ ತಿಂದಿದ್ದೆ. ಅವಳು ಒಂದು ಮಾತು ಅಂದಿದ್ದರೆ ನನ್ನ ಮಗಳ ಮದುವೆ ಅಲ್ಲಿಯೇ ಮುರಿಯುತ್ತಿತ್ತು. ಅವಳು ನನ್ನ ಮುಖ ನೋಡಲಿಲ್ಲ. ಎದುರಿನ ನಮ್ಮ ಮನೆಯ ಬಾಗಿಲಿನ ಕಡೆ ನೋಡಿದಳು, ಆಮೇಲೆ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ಹೌದ್ರೆವ್ವಾ, ಖರೇ ಐತಿ. ಅವ್ರು ದೊಡ್ಡವರ ಮನಿಯವರು. ನಮ್ಮ ಹೊಸ್ತಿಲಾ ದಾಟಿಲ್ಲ."

ಹದಿಮೂರನೆಯ ವಯಸ್ಸಿನಿಂದ ನನ್ನನ್ನು ಯಪ್ಪಾ, ನೀನು ಎಂದವಳು ಅವತ್ತು ಅವರು ಎಂದಳು. ಮೊರ ಎತ್ತಿಕೊಂಡು ಮೇಲೆ ಹೋದಳು.

ಮದುವೆ ನಿಶ್ಚಯವಾಯಿತು. ಅವತ್ತೇ ಸಂಜೆ ಕಾಕೂ ಅವರಿಗೆ ಮನೆ ಬಿಡಲು ಹೇಳಿದಳು. ನಾಲ್ಕೇ ದಿನಕ್ಕೆ ಅವರ ಸಾಮಾನು ಟೆಂಪೋ ಹತ್ತಿ ಊರ ಹೊರಗಿನ ಬಡಾವಣೆಗೆ ಹೋಯಿತು. ನಾನು ಆ ದಿನ ಬೇಕೆಂತಲೇ ಅಂಗಡಿಯಲ್ಲಿ ಉಳಿದೆ. ವಾರದ ಮೇಲೆ ಗೆಳೆಯ ಅಂಗಡಿಗೆ ಬಂದಾಗ, ಎಲ್ಲ ತಿಳಿದೇ ಬಂದಿದ್ದಾನೆಂದು ಕತ್ತರಿ ಕೆಳಗಿಟ್ಟೆ. ಅವನು ಕೇಳಿದ್ದು ಬೇರೆಯೇ: "ಆ ಕಾಕೂಗ ಯಾರೋ ಕಿವಿ ಊದ್ಯಾರಲೇ. ನನಗ ಮನಿ ತೋರಿಸಿದಿ ಅಂತ ನಿನಗೇನರ ತ್ರಾಸ ಆತೇನು? ಅವ್ವ ಅಂತಾಳ, ಹುಡುಗೀ ಮದುವಿ ಐತಿ, ಅವನ ಮನಿಗೆ ಸದ್ಯ ಹೋಗಬ್ಯಾಡ ಅಂತ."

ಅವಳು ಮಗನಿಗೂ ಹೇಳಿರಲಿಲ್ಲ. ನಾನು "ಏನೂ ತ್ರಾಸಿಲ್ಲ" ಎಂದೆ. ಅವನು ಮಗಳ ಮದುವೆಗೆಂದು ಒಂದು ಸೀರೆಯನ್ನು ನಮ್ಮ ಅಂಗಡಿಯಲ್ಲೇ ಕೊಂಡು ನನ್ನ ಕೈಗೇ ಕೊಟ್ಟು ಹೋದ. ಮದುವೆಗೆ ಕರೆದೆ, ಒತ್ತಾಯ ಮಾಡಲಿಲ್ಲ. ಅವರು ಬರಲಿಲ್ಲ.

ಗೆಳೆಯ ನಿವೃತ್ತನಾದ ಮೇಲೆ ಅವರೆಲ್ಲ ಕಳ್ಳಕವಟಗಿಗೇ ಹೋದರು. ಮೂರು ವರ್ಷದ ಹಿಂದೆ, ಅವ್ವನ ಕಾಲುಗಳು ಸ್ವಾಧೀನ ತಪ್ಪಿವೆ ಎಂದು ಕೇಳಿ ನಾನು ಬಸ್ಸು ಹತ್ತಿದೆ. ಈ ಸಲ ಹೇಳಿಯೇ ಬರಬೇಕು ಎಂದು ಹೋದದ್ದು. ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಳದ ಹೊರಸಿನ ಮೇಲೆ ಬಿಸಿಲು ಕಾಯುತ್ತ ಕೂತಿದ್ದಳು. ತೊಂಬತ್ತರ ಹತ್ತಿರದ ವಯಸ್ಸು, ಆದರೆ ದನಿಯಿಂದಲೇ ಗುರುತು ಹಿಡಿದಳು.

"ಬಾರೋ ಯಪ್ಪಾ, ಕುಂಡ್ರು. ಮಗಳು ಹ್ಯಾಂಗದಾಳ? ಗಂಡನ ಮನ್ಯಾಗ ಛಲೋ ನೋಡಿಕೊಂತಾರ?"

"ಛಲೋ ಅದಾಳವ್ವಾ. ಎರಡು ಮಕ್ಕಳು."

"ಆತ್ ಬಿಡು. ಹೆಣ್ಣುಮಗಳು ದಂಡಿ ಮುಟ್ಟಿದ್ಲು."

ಸೊಸೆ ಒಳಗೆ ಚಹಾಕ್ಕಿಟ್ಟಿದ್ದಳು. ಗೆಳೆಯ ಹೊಲದಲ್ಲಿದ್ದ. ಅಂಗಳದಲ್ಲಿ ನಾವಿಬ್ಬರೇ. ಇದಕ್ಕಿಂತ ಒಳ್ಳೆಯ ಸಮಯ ಯಾರಿಗೆ ಸಿಗುತ್ತದೆ? ನಾನು ಚೀಲದಿಂದ ಒಂದು ಮೆತ್ತನೆಯ ಶಾಲು ತೆಗೆದು ಅವಳ ತೊಡೆಯ ಮೇಲಿಟ್ಟೆ. ಅವಳು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಇದ್ಯಾಕ ತಂದಿ? ಏನರ ಹೇಳೂದಿತ್ತೇನ ನಿನಗ?"

ಅವಳಿಗೆ ಗೊತ್ತಿತ್ತು. ಬಾಗಿಲು ತೆರೆದು ಹಿಡಿದು ನಿಂತವಳಂತೆ ಕಾಯುತ್ತಿದ್ದಳು. ನಾನು ಶಾಲಿನ ಅಂಚು ಸರಿ ಮಾಡಿದೆ.

"ಏನಿಲ್ಲವ್ವಾ. ಸುಮ್ಮನ ಚಳಿಗಿರ್ಲಿ ಅಂತ."

"ಹೂಂ," ಎಂದು ಶಾಲನ್ನು ಮಡಿಚಿ ಬದಿಗಿಟ್ಟಳು. ಆಮೇಲೆ ಮಳೆ, ತೊಗರಿ ಎಂದು ಮಾತಾಡಿದೆವು. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಹೋದ ವರ್ಷ ಅವಳು ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಮೇಲೆ, ಮಂದಿ ಚದುರಿದಾಗ, ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಮುದುಕಿಯನ್ನು ಕೇಳಿ ಎಂದು ಕೈ ಮಾಡಿದ್ದನ್ನೂ ಬಿಡದೆ ಹೇಳಿದೆ. ಅವನು ಕಾಲಿಗೆ ಹತ್ತಿದ ಮಣ್ಣು ಕೆದರಿ ತೆಗೆದ.

"ನಾನು ಇಷ್ಟ ವರ್ಷ ಆ ಕಾಕೂನ ಬೈಕೋತ ಬಂದೆ," ಎಂದ. "ಅವ್ವ ಒಮ್ಮಿಯೂ ಬಾಯಿ ಬಿಡಲಿಲ್ಲ ನೋಡು." ಆಮೇಲೆ, "ನಂದು ಬಿಡು. ನನಗಂತೂ ಹೇಳಿದಿ. ಎರಡು ವರ್ಷದ ಹಿಂದ ಬಂದಿದ್ದಿಯಲ್ಲ, ಅಕಿ ಇದ್ಲು. ಆವಾಗ ಏನಾಗಿತ್ತು ನಿನಗ?"

ನಾನು ಚೀಲ ಎತ್ತಿಕೊಂಡು ಎದ್ದೆ. ಅವನು ನನ್ನನ್ನು ಬಸ್ಸಿನವರೆಗೆ ಕಳಿಸಲು ಬರಲಿಲ್ಲ, ಅದು ಸರಿಯೇ.

ಮಗಳಿಗೆ ಈ ದೀಪಾವಳಿಯಲ್ಲಿ ಹೇಳಿದೆ. ಅವಳು ಕಣ್ಣು ಕೆಂಪು ಮಾಡಿಕೊಂಡು, "ಅವತ್ತ ನನ್ನನ್ನ ಒಂದ ಮಾತು ಯಾಕ ಕೇಳಲಿಲ್ಲಪ್ಪಾ ನೀ?" ಎಂದಳು. ಎರಡು ತಿಂಗಳು ಫೋನು ಮಾಡಲಿಲ್ಲ, ಈಗ ಮಾಡುತ್ತಾಳೆ. ಗೆಳೆಯನ ಹೆಂಡತಿಯ ಮುಂದೆಯೂ ಹೋಗಿ ಕೈ ಮುಗಿದು ಬಂದೆ, ಅವಳು ಬೈದಳು, ಬೈಸಿಕೊಂಡೆ. ಇವರೆಲ್ಲರ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬಳದೇ: ಮೂರು ವರ್ಷದ ಹಿಂದೆ ಆ ಅಂಗಳದಲ್ಲಿ, ಹೇಳುವುದಿದೆಯೇ ಎಂದು ತಾನಾಗಿ ಕೇಳಿದ ನನ್ನ ಗೆಳೆಯನ ಅವ್ವನದು.