ದೂಳಿನ ಮೂಲ ನಮ್ಮ ಬಚ್ಚಲು

ಹೆಂಡತಿಯ ಕೆಮ್ಮು ನಿಲ್ಲದಿದ್ದಾಗ, ಊರ ಗಾಳಿಗೆ ದೂಳು ಎಲ್ಲಿಂದ ಸೇರುತ್ತಿದೆ ಎಂದು ಪತ್ತೆ ಮಾಡಿಸಲು ನಾನೇ ಮಂಡ್ಯದ ಮಾಲಿನ್ಯ ನಿಯಂತ್ರಣ ಕಚೇರಿಗೆ ಅಲೆದೆ. ಪಕ್ಕದ ಆಲೆಮನೆಯವನು ಒಲೆಗೆ ಹಳೆಯ ಟೈರು ಹಾಕುವುದು ದನಕರುಗಳಿಗೂ ಗೊತ್ತಿತ್ತು. ಆದರೆ ಸರ್ಕಾರಕ್ಕೆ ಯಂತ್ರವೇ ಹೇಳಬೇಕಲ್ಲ!

ಅಧಿಕಾರಿ ಬಂದು ನಮ್ಮ ತಾರಸಿಯ ಮೇಲೆ ಗಾಳಿಯ ದೂಳು, ಹೊಗೆ ಅಳೆಯುವ ಯಂತ್ರವನ್ನು ಪ್ರತಿಷ್ಠಾಪಿಸಿದರು. ಅದು ಒಂದು ಹಗಲು, ಒಂದು ರಾತ್ರಿ ಓಡಬೇಕಂತೆ. ಅವರೂ ನಮ್ಮಲ್ಲೇ ಉಳಿದರು. ನೆಂಟರು ಬಂದಾಗ ನಮ್ಮೂರಿನ ಮರ್ಯಾದೆ ಬಹಳ ದೊಡ್ಡದು. ಆಲೆಮನೆಯವನು ಬೆಲ್ಲ ಕಾಯಿಸಲಿಲ್ಲ. ಗದ್ದೆಯವರು ಕಬ್ಬಿನ ತರಗಿಗೆ ಬೆಂಕಿಯಿಡಲಿಲ್ಲ. ರಸ್ತೆಗೆ ಯಾರೋ ನೀರು ಕೂಡ ಚಿಮುಕಿಸಿದರು. ನನ್ನ ಹೆಂಡತಿಯೂ ಕಡಿಮೆಯೇನಲ್ಲ, ಅಧಿಕಾರಿಯ ಸ್ನಾನಕ್ಕೆಂದು ಬೆಳಿಗ್ಗೆ ಹಂಡೆಯ ಒಲೆಗೆ ತೆಂಗಿನ ಗರಿಗಳನ್ನು ತುರುಕಿದಳು.

"ನಿಮ್ಮೂರಲ್ಲಿ ಹೊಗೆ ಅಂತ ಇರೋದು ನಿಮ್ಮ ಬಚ್ಚಲಲ್ಲಿ ಮಾತ್ರ ಸಾರ್," ಎಂದು ಅಧಿಕಾರಿ ತಲೆ ಒರೆಸಿಕೊಳ್ಳುತ್ತಲೇ ಯಂತ್ರವನ್ನು ನೋಡಿ ತೀರ್ಪು ಕೊಟ್ಟರು.

ಅವರ ಜೀಪು ತಿರುವು ದಾಟುವ ಮೊದಲೇ ಆಲೆಮನೆಯಿಂದ ಕರಿಹೊಗೆ ಎದ್ದಿತು. ಜಗಳಕ್ಕೆ ಹೋದೆ.

"ಮೊದ್ಲು ನಿನ್ನ ಅಂಡೆ ಒಲೆ ಆರ್ಸು ಓಗಣ್ಣ. ಅಕ್ಕಂಗೆ ಕೆಮ್ಮು ಯಾತರಿಂದ ಅಂತ ಮಿಸೀನೇ ಯೋಳ್ತಲ್ಲಾ!" ಎಂದು ಆಲೆಮನೆಯವನು ನನ್ನ ಕೈಗೊಂದು ಬಿಸಿ ಬೆಲ್ಲದುಂಡೆ ಇಟ್ಟ.

ಈಗ ನಮ್ಮ ಸ್ನಾನದ ನೀರು ಗ್ಯಾಸಿನ ಮೇಲೆ ಕಾಯುತ್ತದೆ. ಹೆಂಡತಿ ಮಾತ್ರ ಯಂತ್ರದ ಮಾತಿಗೆ ಬೆಲೆ ಕೊಡದೆ ಕೆಮ್ಮುತ್ತಲೇ ಇದ್ದಾಳೆ.