ಬಿಗಿಯಣ್ಣನ ಹಟಮಾರಿ ನಟ್ಟು

ಬಿಗಿಯಣ್ಣನ ಮನೆಯ ಅಡುಗೆಮನೆ ನಲ್ಲಿಯ ಬಾಯಲ್ಲಿ ಒಂದು ಹನಿ ನೀರು ಮೊನ್ನೆ ಮೊನ್ನೆಯವರೆಗೂ ನೇತಾಡುತ್ತಿತ್ತು. ಮದುವೆಯಾದ ವರ್ಷ ಅವನು ಆ ನಲ್ಲಿ ತಿರುಗಿಸಿ ನಿಲ್ಲಿಸಿದಾಗ ಅರ್ಧ ದಾರಿಯಲ್ಲಿದ್ದ ಹನಿ ಅದು. ಮುಂದೆ ಬೀಳಲೂ ಆಗದೆ, ಹಿಂದೆ ಹೋಗಲೂ ಆಗದೆ, ಅಲ್ಲೇ ಮುದಿಯಾಯಿತು. ನಂಬದವರು ಅವನ ಶೆಡ್ಡಿಗೆ ಹೋಗಿ ಕೈ ಕುಲುಕಿ ನೋಡಬಹುದು. ಬರುವಾಗ ಬೆರಳು ಎಣಿಸಿಕೊಂಡು ಬನ್ನಿ.

ಗಾಡಿ ರಿಪೇರಿ ಅವನ ಕಸುಬು. ಅವನಿಗೆ ಬೇರೇನೋ ಹೆಸರಿದೆ, ಆದರೆ ಅವನ ತಾಯಿಯ ನಂತರ ಅದನ್ನು ಯಾರೂ ಬಳಸಿಲ್ಲ. ಅವನು ಕೂಡಿಸಿದ ಚಕ್ರ ತಾನಾಗಿ ಕಳಚಿದ್ದನ್ನು ಯಾರೂ ಕಂಡಿಲ್ಲ. ಬೇರೆಯವರು ಬಿಚ್ಚಿದ್ದನ್ನೂ ಕಂಡಿಲ್ಲ. ಅವನ ಗಿರಾಕಿಯ ಗಾಡಿ ದೂರದಲ್ಲಿ ಕಾಣಿಸಿದರೆ ಸಾಕು, ಪಂಚರ್ ಅಂಗಡಿಯವನು ‘ಊಟಕ್ಕೆ ಹೋಗಿದ್ದೇನೆ’ ಎಂಬ ಬೋರ್ಡು ತಗುಲಿಸಿ, ಅದೇ ಬೋರ್ಡಿನ ಹಿಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಮನೆಯಲ್ಲೂ ಅದೇ ಕಥೆ. ಸಕ್ಕರೆ ಡಬ್ಬಿ, ಎಣ್ಣೆ ಸೀಸೆ, ಔಷಧಿ ಬಾಟಲಿ, ಯಾವುದಕ್ಕಾದರೂ ಅವನು ಮುಚ್ಚಳ ಹಾಕಿದನೆಂದರೆ ಮುಗಿಯಿತು. ಹೆಂಡತಿ ಅವನ್ನೆಲ್ಲ ಹೇಗೆ ತೆಗೆಯುತ್ತಾಳೆಂದು ಅವನು ಯಾವತ್ತೂ ಕೇಳಿರಲಿಲ್ಲ. ಪಕ್ಕದ ಮನೆಯವರ ಹತ್ತಿರ ಒಯ್ಯುತ್ತಾಳೇನೋ ಅಂದುಕೊಂಡು ಒಳಗೊಳಗೇ ಬೀಗುತ್ತಿದ್ದ.

ಈ ಚಾಳಿಗೆ ಒಂದು ಮೂಲವಿತ್ತು. ಹೊಸದಾಗಿ ಮದುವೆಯಾಗಿ, ಹಳೆಯದೊಂದು ದೊಡ್ಡ ಗಾಡಿ ಕೊಂಡು, ಹೆಂಡತಿಯನ್ನು ಕೂರಿಸಿಕೊಂಡು ಹೊರಟಿದ್ದಾಗ ನಡುದಾರಿಯಲ್ಲಿ ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ಗಡೆಯ ನಟ್ಟು ಉದುರಿಹೋಯಿತು. ಗಾಡಿಯ ಕುಲುಕಾಟವನ್ನೆಲ್ಲ ನುಂಗುವ ಕೊಳವೆ ಅದು. ನುಂಗುವವರಿಲ್ಲದೆ ಗಾಡಿ ಕುಪ್ಪಳಿಸಿತು, ಅವಳ ತಲೆ ಚಾವಣಿಗೆ ಬಡಿಯಿತು. ಅವಳು ನಕ್ಕಳು. ಅವನು ನಗಲಿಲ್ಲ. ಮನೆಗೆ ಬಂದವನೇ ಹೊಸ ನಟ್ಟು ಕೂರಿಸಿ, ಸ್ಪ್ಯಾನರಿನ ಹಿಡಿಗೆ ಆಳುದ್ದದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಬಿಗಿ ಮಾಡಿದ. ಭೂಮಿ ತಿರುಗುವುದೇ ಒಂದು ಗಳಿಗೆ ನಿಂತಿತ್ತೆಂದು ಹೇಳುವವರಿದ್ದಾರೆ. ಅದು ಸ್ವಲ್ಪ ಅತಿಯಾಯಿತು. ಅರ್ಧ ಗಳಿಗೆ ಇರಬಹುದು.

ಈಗ ಆ ಹೆಂಡತಿ ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಮಾರನೆಯ ದಿನ ಬೆಳಿಗ್ಗೆ ಮನೆಗೆ ಕಳಿಸುತ್ತಾರೆ. “ಮಲಗಿಸಿಕೊಂಡೇ ಕರ್ಕೊಂಡು ಹೋಗಿ, ಕುಲುಕಾಟ ಮಾತ್ರ ಆಗಬಾರದು” ಎಂದಿದ್ದರು ಡಾಕ್ಟರು. ಅವಳೋ, ಆಂಬುಲೆನ್ಸ್ ಬೇಡವೇ ಬೇಡ ಅಂದುಬಿಟ್ಟಿದ್ದಳು. “ಅದರ ಕೂಗು ಕೇಳಿದ್ರೆ ಬೆನ್ನಿಗಿಂತ ಮುಂಚೆ ನನ್ನ ಎದೆ ಹೋಗುತ್ತೆ. ನಮ್ಮ ಗಾಡೀಲೇ ಬರ್ತೀನಿ.” ಹಿಂದಿನ ಸೀಟು ಮಡಚಿದರೆ ಹಾಸಿಗೆ ಹಾಸುವಷ್ಟು ಜಾಗವೇನೋ ಇತ್ತು. ಆದರೆ ಊರವರ ಗಾಡಿಗಳ ನಡುವೆ ಸ್ವಂತ ಗಾಡಿಯ ಸರದಿ ಬಂದಿರಲೇ ಇಲ್ಲ. ಹಿಂದಿನ ಶಾಕ್‌ಗಳ ಎಣ್ಣೆ ಎಂದೋ ಸೋರಿಹೋಗಿ, ರಸ್ತೆ ಮೇಲೆ ಎಳೆದ ಬಿಳಿ ಗೆರೆಗೂ ಆ ಗಾಡಿ ನೆಗೆಯುತ್ತಿತ್ತು.

ಹೊಸ ಶಾಕ್‌ಗಳನ್ನು ತಂದು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಬಿಗಿಯಣ್ಣ ಅಡಿಗೆ ತೂರಿದ. ಜೊತೆಗೆ ಹೆಂಡತಿಯ ತಮ್ಮ, ವೆಲ್ಡಿಂಗ್ ಕೆಲಸದವನು. ಒಂದು ಕಡೆಯ ಹಳೆ ಶಾಕ್ ಬಂತು, ಇನ್ನೊಂದು ಕಡೆಯ ಕೆಳಗಿನ ನಟ್ಟೂ ಬೈಸಿಕೊಂಡು ಬಂತು. ಉಳಿದದ್ದು ಮೇಲಿನದು, ಅದೇ ನಟ್ಟು. ಪೈಪು ಹಾಕಿ ಜಗ್ಗಿದರೆ ಪೈಪೇ ಬಾಗಿತು. ಜೋತುಬಿದ್ದರೆ ಸ್ಪ್ಯಾನರ್ ಜಾರಿ ಗೆಣ್ಣು ಕಿತ್ತಿತು. ನಟ್ಟಿನ ಮೂಲೆಗಳು ಸವೆಯತೊಡಗಿದ್ದವು. ಇನ್ನೆರಡು ಸಲ ಜಾರಿದರೆ ಅದು ಗುಂಡಗಾಗಿ ಹಿಡಿತಕ್ಕೇ ಸಿಗುತ್ತಿರಲಿಲ್ಲ.

“ಭಾವ, ಇದನ್ನ ಬಿಗಿ ಮಾಡಿದ ಪುಣ್ಯಾತ್ಮ ಯಾರು?”

“ಬಾಯಿ ಮುಚ್ಕೊಂಡು ಟಾರ್ಚ್ ಹಿಡಿಯೋ.”

“ಅಲ್ಲ, ಅವನ ಕೈಗೊಂದು ದೊಡ್ಡ ನಮಸ್ಕಾರ ಹಾಕೋಣ ಅಂತ. ಗ್ಯಾಸ್ ತಂದು ಕತ್ತರಿಸಿಬಿಡ್ಲಾ?”

“ಪಕ್ಕದಲ್ಲೇ ಡೀಸೆಲ್ ಟ್ಯಾಂಕಿದೆ. ನಿಮ್ಮಕ್ಕ ಮನೆಗೆ ಬರೋ ಹೊತ್ತಿಗೆ ನಾವಿಬ್ರೂ ಮೇಲೆ ಹೋಗಿರ್ತೀವಿ.”

“ಹೋದ್ರೂ ನೀವು ಸುಮ್ನಿರ್ತೀರಾ? ಸ್ವರ್ಗದ ಬಾಗಿಲಿನ ಸ್ಕ್ರೂ ಬಿಗಿ ಮಾಡಿ, ಹಿಂದೆ ಬರೋರಿಗೆಲ್ಲ ದಾರಿ ಬಂದ್ ಮಾಡ್ತೀರಿ.”

ಅಷ್ಟರಲ್ಲಿ ಫೋನ್ ಬಂತು. ಅವಳೇ. ತಮ್ಮ ಫೋನನ್ನು ಭಾವನ ಕಿವಿಗೆ ಹಿಡಿದ.

“ಏನ್ರೀ, ಊಟ ಆಯ್ತಾ?”

“ಆಯ್ತು.”

“ಸುಳ್ಳು. ದನಿಯೇ ಹಸಿದಿದೆ. ಗಾಡಿ ಅಡೀಲಿದ್ದೀರಾ? ಅದೇ ನಟ್ಟಾ, ನನ್ನ ತಲೆ ಬಡಿದ ದಿನ ಹಾಕಿದ್ದು?”

ಬಿಗಿಯಣ್ಣ ಕಿತ್ತ ಗೆಣ್ಣನ್ನು ಅಂಗಿಗೆ ಒರೆಸಿಕೊಂಡ. “ಬರ್ತಿಲ್ಲ ಕಣೆ,” ಅಂದ. “ಆಂಬುಲೆನ್ಸ್‌ಗೇ ಹೇಳ್ಬಿಡ್ಲಾ?” ತಮ್ಮ ಟಾರ್ಚನ್ನು ಬೇರೆ ಕಡೆ ತಿರುಗಿಸಿದ. ಭಾವನ ಮುಖವನ್ನು ಆಗ ನೋಡುವುದು ಸರಿಯಲ್ಲವೆನಿಸಿತು.

“ನೀವು ಮುಚ್ಚಿದ ಸಕ್ಕರೆ ಡಬ್ಬಿ ನಾನು ಹೇಗೆ ತೆಗೀತೀನಿ ಹೇಳಿ?”

“ಪಕ್ಕದ ಮನೇಲಿ ಕೊಟ್ಟು...”

“ಯಾವತ್ತಾದ್ರೂ ಕೊಟ್ಟಿದ್ದೀನಾ! ಮೊದಲು ಅಂಚು ಒರೆಸ್ತೀನಿ. ಸುತ್ತ ಮೆಲ್ಲಗೆ ತಟ್ತೀನಿ, ಮಗು ಬೆನ್ನು ತಟ್ಟೋ ಹಾಗೆ. ಬಿಸಿ ಬಟ್ಟೆ ಸುತ್ತಿಟ್ಟು ಬೇರೆ ಕೆಲಸಕ್ಕೆ ಹೋಗ್ತೀನಿ. ವಾಪಸ್ ಬಂದು, ನೀವು ಮಾಡಿದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಬಿಗಿ ಮಾಡ್ತೀನಿ. ಆಗ ಅದು ಹಟ ಬಿಡುತ್ತೆ. ಆಮೇಲೆ ಈ ಕಡೆ ತಿರುಗಿಸ್ತೀನಿ.”

“ಇಷ್ಟು ವರ್ಷ ಹೇಳಲೇ ಇಲ್ಲವಲ್ಲೇ!”

“ಹೇಳಿದ್ರೆ ಇನ್ನೂ ಬಿಗಿ ಮಾಡೋಕೆ ದಾರಿ ಹುಡುಕ್ತಿದ್ರಿ. ಹೋಗಿ, ಮೊದಲು ಊಟ ಮಾಡಿ.”

ಇದೇನೂ ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬೇರೆಯವರ ಗಾಡಿಯ ತುಕ್ಕಿಗೆ ಎಣ್ಣೆ ಬಿಟ್ಟು ಕಾಯುವುದನ್ನು ಎಷ್ಟೋ ಸಲ ಮಾಡಿದ್ದ. ತನ್ನ ಕೈ ಹಾಕಿದ ಬಿಗಿಯನ್ನು ತನ್ನ ಕೈಯೇ ಬಿಚ್ಚಬೇಕು, ಎಣ್ಣೆಗಿಣ್ಣೆಗೆ ತಲೆಬಾಗಬಾರದು ಎಂಬ ಜಂಬ ಅಷ್ಟೆ. ಆ ಜಂಬವನ್ನು ಅಂದು ಸ್ಪ್ಯಾನರಿನ ಪಕ್ಕದಲ್ಲಿ ಕೆಳಗಿಟ್ಟ. ತಂತಿಯ ಬ್ರಷ್ಷಿನಿಂದ ಬೋಲ್ಟಿನ ಸುರುಳಿ ಎಳೆಗಳ ತುಕ್ಕು ಉಜ್ಜಿದ. ತೆಳು ಎಣ್ಣೆ ಬಿಟ್ಟ. ಚಿಕ್ಕ ಸುತ್ತಿಗೆಯಿಂದ ಸುತ್ತ ತಟ್ಟಿದ. ಆಮೇಲೆ ಕೈ ತೊಳೆದು ನಿಜವಾಗಿಯೂ ಊಟ ಮಾಡಿದ. ಬಂದು ಇನ್ನಷ್ಟು ಎಣ್ಣೆ ಬಿಟ್ಟ, ಮತ್ತೆ ಕಾದ. ಶೆಡ್ಡಿನ ನೆರಳು ರಸ್ತೆ ದಾಟುವ ಹೊತ್ತಿಗೆ ಅಡಿಗೆ ತೂರಿ, ಸ್ಪ್ಯಾನರ್ ಕೂರಿಸಿ, ಬಿಚ್ಚುವ ಬದಲು ಒಂದು ಕೂದಲೆಳೆ ಬಿಗಿ ಮಾಡಿದ.

‘ಟಿಕ್’ ಅಂತು.

ಅಷ್ಟೇ ಸದ್ದು. ಇಂಥ ನಟ್ಟು ಸಡಿಲಾಗುವಾಗ ಗುಡುಗಬೇಕಿತ್ತು. ಇತ್ತ ಸ್ವಲ್ಪ, ಅತ್ತ ಸ್ವಲ್ಪ, ನಡುವೆ ಎಣ್ಣೆ. ಕಿರುಗುಟ್ಟುತ್ತ, ಕಂದು ಪುಡಿ ಉದುರಿಸುತ್ತ, ಕೊನೆಗೆ ಅದು ಅವನ ಅಂಗೈಗೆ ಬಂದು ಬಿತ್ತು. ಅವನು ಅದನ್ನು ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡ.

ಹೊಸ ಶಾಕ್‌ಗಳು ಕೂತವು. ತಮ್ಮ ಪೈಪು ಹೊತ್ತು ತಂದ. “ತಗೊಳ್ಳಿ ಭಾವ, ನಿಮ್ಮ ಗದೆ.”

“ಬೇಡ. ಮೊದಲು ಗಾಡಿ ಇಳಿಸು. ತನ್ನ ಕಾಲ ಮೇಲೆ ನಿಂತ್ಕೊಳ್ಳಲಿ, ಆಮೇಲೆ ಬಿಗಿ. ಗಾಳೀಲಿ ತೂಗ್ತಿರುವಾಗ್ಲೇ ಬಿಗಿ ಮಾಡಿದ್ರೆ ಒಳಗಿನ ರಬ್ಬರ್‌ಗೆ ನೋವಾಗುತ್ತೆ.”

ತಮ್ಮ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ.

ಬೆಳಿಗ್ಗೆ ಅವಳನ್ನು ಮಲಗಿಸಿಕೊಂಡು ಹೊರಟ. ಎಷ್ಟು ನಿಧಾನವೆಂದರೆ, ಬಸವನಹುಳುವೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಶಾಲೆಯ ಮುಂದಿನ ದೊಡ್ಡ ಉಬ್ಬಿನ ಮೇಲೆ ಗಾಡಿ ಮೆಲ್ಲಗೆ ಏರಿ, ನಿಟ್ಟುಸಿರು ಬಿಟ್ಟ ಹಾಗೆ ಇಳಿಯಿತು.

“ರೀ, ಆ ಉಬ್ಬು ಇನ್ನೂ ಬಂದಿಲ್ವಾ?”

“ಹೋಯ್ತು.”

ಅವಳು ಸ್ವಲ್ಪ ಹೊತ್ತು ಚಾವಣಿ ನೋಡುತ್ತ ಮಲಗಿದ್ದಳು. ಬಾಯಾರಿಕೆಯಾಗಿ, ಅವನು ತುಂಬಿಸಿಟ್ಟಿದ್ದ ನೀರಿನ ಬಾಟಲಿಗೆ ಕೈ ಹಾಕಿದಳು. ಮುಚ್ಚಳ ಮುಟ್ಟಿದ್ದೇ ತಡ, ಅದು ಹಾರಿ ಬಿದ್ದು ನೀರೆಲ್ಲ ಅವಳ ಕುತ್ತಿಗೆಗೆ ಸುರಿಯಿತು.

“ಏನ್ರೀ ಇದು! ಮುಚ್ಚಳ ಹಾಕಿದ್ದೀರೋ, ಟೋಪಿ ಇಟ್ಟಿದ್ದೀರೋ?”

“ನಿನಗೆ ಸುಲಭ ಆಗ್ಲಿ ಅಂತ...”

ಅವಳು ನಗತೊಡಗಿದಳು. “ಅಯ್ಯೋ, ನಗಿಸ್ಬೇಡಿ, ಹೊಲಿಗೆ ಎಳೆಯುತ್ತೆ!” ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ ಬಿಗಿಯಣ್ಣ ಈ ಸಲ ತಾನೂ ನಕ್ಕ.

ಮನೆಯಲ್ಲಿ ಅವಳ ಒದ್ದೆ ಬಟ್ಟೆ ಬದಲಿಸಿ, ದಿಂಬು ಸರಿಮಾಡಿ, ಅಡುಗೆಮನೆಗೆ ಹೋಗಿ ಆ ಹಳೆಯ ನಲ್ಲಿಯನ್ನೇ ತಿರುಗಿಸಿ ನೀರು ತಂದು, ಮಂಚದ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಪ್ ಎಂದು ಸದ್ದಾಯಿತು. ಮತ್ತೊಮ್ಮೆ ಟಪ್.

“ನಲ್ಲಿ ಸೋರ್ತಿದೆ ಕಣ್ರೀ.”

“ಸೋರಲಿ ಬಿಡೆ,” ಅಂದ ಬಿಗಿಯಣ್ಣ. ಅವಳ ಕೈ ಅವನ ಕೈಯಲ್ಲಿತ್ತು, ಹಗುರಾಗಿ.